ಸತ್ತಿದೆ ಎಂದು ತಾವು ತೀರ್ಪು ಕೊಟ್ಟ ತೋಟ

ಪುರಸಭೆಯ ಉದ್ಯಾನ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಆಗಸ್ಟ್ ತಿಂಗಳಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ ನಮ್ಮ ತೋಟವನ್ನು ತಾವು ಸತ್ತಿದೆ ಎಂದು ತೀರ್ಮಾನಿಸಿ, ಇಳಿಜಾರಿನ ಮೇಲಿನ ಅರ್ಧವನ್ನು ಯಂತ್ರ ಹಚ್ಚಿ ಬೋಳಿಸಿದಿರಿ. ಉಳಿದ ಅರ್ಧವನ್ನು ಬರುವ ಸೋಮವಾರ ಬೋಳಿಸಿ ಹುಲ್ಲುಹಾಸು ಹಾಸುವುದಾಗಿ ಬಂದರಿನ ಕಾಫಿ ಅಂಗಡಿಯ ಗೋಡೆಗೆ ಪ್ರಕಟಣೆ ಅಂಟಿಸಿದ್ದೀರಿ. ನಾನು ಈ ಪತ್ರವನ್ನು ಅದೇ ಗೋಡೆಗೆ, ಅದರ ಪಕ್ಕದಲ್ಲೇ ಅಂಟಿಸುತ್ತಿದ್ದೇನೆ. ತಮ್ಮ ಕಚೇರಿಗೆ ಬಂದು ಮೆಲ್ಲಗೆ ಹೇಳಿ ನೋಡಿದೆ, ತಾವು ಫೋನಿನಲ್ಲಿದ್ದಿರಿ. ಇನ್ನು ಊರೇ ಓದಲಿ.

ತಾವು ಈ ದ್ವೀಪಕ್ಕೆ ಬಂದು ವರ್ಷವಾಗಿಲ್ಲ. ಹಾಗಾಗಿ ಪರಿಚಯ ಹೇಳಿಕೊಳ್ಳುತ್ತೇನೆ. ಮಂಡಿ ಕೈಕೊಡುವ ತನಕ ಬಂದರಿನ ಬೇಕರಿ ನಡೆಸಿದವಳು ನಾನು. ಬಂದರಿನಿಂದ ಮೇಲಿನ ಕೇರಿಗೆ ಹತ್ತುವ ಮೆಟ್ಟಿಲಿನ ಪಕ್ಕದ ಇಳಿಜಾರು ಆಗ ಊರಿನ ತಿಪ್ಪೆಯಾಗಿತ್ತು. ಕೆಟ್ಟ ಫ್ರಿಜ್ಜು, ಹರಿದ ಬಲೆ, ಬೆಕ್ಕಿನ ಸಂಸಾರ, ಎಲ್ಲವೂ ಅಲ್ಲೇ. ಅದನ್ನು ನಮಗೆ ಕೊಡಿ, ನೋಡಿಕೊಳ್ಳುತ್ತೇವೆ ಎಂದು ನಾನೂ ನನ್ನ ಮೈದುನ ಫ್ರಾಂಗಿಸ್ಕೋಸನೂ ತಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರನ್ನು ಕೇಳಿದೆವು. ಅವರು ತಲೆಯೆತ್ತದೆ ಹೇಳಿದ್ದು ಇಷ್ಟೇ: "ಏನಾದ್ರೂ ಮಾಡ್ಕೊಳ್ಳಿ, ನಮ್ಮ ಹತ್ರ ನೀರು ಮಾತ್ರ ಕೇಳ್ಬೇಡಿ." ಪುರಸಭೆಯಿಂದ ನಾನು ಕೇಳಿದ ಮಾತುಗಳಲ್ಲಿ ಅರ್ಥವಿದ್ದ ಮಾತು ಅದೊಂದೇ. ಆ ಮಾತಿನ ಮೇಲೆಯೇ ನಾವು ಇಡೀ ತೋಟವನ್ನು ಕಟ್ಟಿದೆವು.

ಕಟ್ಟುವುದೆಂದರೆ ಜಗಳವಾಡುವುದು. ಫ್ರಾಂಗಿಸ್ಕೋಸ್ ಆಯುಷ್ಯವಿಡೀ ಹಡಗಿನಲ್ಲಿ ಕಳೆದವನು, ಹಸಿರು ಕಂಡರೆ ಪ್ರಾಣ ಬಿಡುತ್ತಾನೆ. ಹಿಟ್ಟು ತುಂಬಿ ಬರುವ ಒಂದು ಖಾಲಿ ಕಾಗದದ ಚೀಲವನ್ನು ಬಿಚ್ಚಿ ಹರಡಿ, ಅದರ ಮೇಲೆ ಇದ್ದಲಿನಿಂದ ಇಳಿಜಾರು ಬರೆದುಕೊಂಡು ಕೂತೆವು.

"ಅತ್ತಿಗೆ, ಒಂದು ನಾಲ್ಕು ಗುಲಾಬಿನಾದ್ರೂ ಹಾಕೋಣ. ಇಲ್ದಿದ್ರೆ ಜನ ಏನಂತಾರೆ?"

"ನೀರು ಜನ ಹೊರ್ತಾರೇನೋ? ನಿನ್ನ ಸೊಂಟ ನೋಡ್ಕೋ, ನನ್ನ ಮಂಡಿ ನೋಡು. ನಾವಿಬ್ರೂ ಮೇಲೆ ಹೋದ್ಮೇಲೂ ಯಾರ ಹಂಗೂ ಇಲ್ದೆ ಬದುಕೋದು ಯಾವ್ದೋ ಅದನ್ನ ಹಾಕೋಣ."

ಅವನು ಇದ್ದಲನ್ನು ಕೆಳಗಿಟ್ಟ. ಆಮೇಲೆ ಕಿಟಕಿಯಾಚೆ ಕೈ ತೋರಿಸಿ, "ಹಂಗಾದ್ರೆ ಯೋಚ್ನೆ ಯಾಕೆ, ಎದುರಿಗಿರೋ ಗುಡ್ಡಾನೇ ಕಾಪಿ ಹೊಡಿಯೋಣ" ಎಂದ.

ಕಾಪಿ ಹೊಡೆದೆವು. ಗುಡ್ಡದಲ್ಲಿ ಗಾಳಿಗೆ ಮೈಯೊಡ್ಡಿ ನಿಂತಿದ್ದ ಘಮಘಮಿಸುವ ಥೈಮ್ ಪೊದೆಯನ್ನು ಇಲ್ಲಿಯೂ ಗಾಳಿಯ ಬದಿಗೇ ಇಟ್ಟೆವು. ಬೀಜ ತಂದು, ಕಡ್ಡಿ ನೆಟ್ಟು, ಸೇಜ್ ಗಿಡವನ್ನು ಬಂಡೆಯ ಮಗ್ಗುಲಿಗೆ, ಕೇಪರ್ ಬಳ್ಳಿಯನ್ನು ಗೋಡೆಯ ಬಿರುಕಿಗೆ, ಕಳ್ಳಿಯನ್ನು ಮೇಲ್ಗಡೆ ಮಣ್ಣು ಸಡಿಲವಿದ್ದಲ್ಲಿಗೆ ಸೇರಿಸಿದೆವು. ಮೆಟ್ಟಿಲಿನುದ್ದಕ್ಕೂ ಅಡವಿ ಈರುಳ್ಳಿ, ಏಕೆಂದರೆ ಅದನ್ನು ಮೇಕೆಯೂ ಮುಟ್ಟುವುದಿಲ್ಲ, ಇಲಿಯೂ ಮೂಸುವುದಿಲ್ಲ. ನೆಟ್ಟದ್ದು ಅಕ್ಟೋಬರಿನ ಮೊದಲ ಮಳೆ ಬಿದ್ದ ಮೇಲೆ. ಎರಡು ಬೇಸಿಗೆ ಮಾತ್ರ ಪಾತ್ರೆ ತೊಳೆದ ನೀರು ಕೊಟ್ಟೆವು, ಆಮೇಲೆ ಒಂದು ತಂಬಿಗೆಯನ್ನೂ ಕೊಟ್ಟಿಲ್ಲ. ಇಂಥ ತೋಟದಲ್ಲಿ ಅತಿ ಕಷ್ಟದ ಕೆಲಸವೆಂದರೆ ಬೇಸಿಗೆಯಲ್ಲಿ ಅದನ್ನು ಅದರ ಪಾಡಿಗೆ ಬಿಡುವುದು. ಉಬ್ಬುತ್ತಿರುವ ಹಿಟ್ಟನ್ನು ಗಳಿಗೆಗೊಮ್ಮೆ ಬಟ್ಟೆ ಸರಿಸಿ ನೋಡುವವನು ಬೇಕರಿಗೆ ಲಾಯಕ್ಕಲ್ಲ. ಉದ್ಯಾನ ವಿಭಾಗಕ್ಕೆ ಲಾಯಕ್ಕಿರಬಹುದೇನೋ, ನನಗೆ ತಿಳಿಯದು.

ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಜೂನಿನಿಂದ ಆಗಸ್ಟಿನವರೆಗೆ ಬೇಸಿಗೆ. ನಮ್ಮ ಗಿಡಗಳು ಮಳೆಯ ಚಳಿಯಲ್ಲಿ ಚಿಗುರಿ, ವಸಂತದಲ್ಲಿ ಹೂ ಬಿಟ್ಟು, ಬಿಸಿಲು ಏರಿದಾಗ ಎಲೆ ಕೊಡವಿ ಮಲಗುತ್ತವೆ. ಈ ದ್ವೀಪದಲ್ಲಿ ಮಧ್ಯಾಹ್ನ ಮನುಷ್ಯರೂ ಮಲಗುತ್ತಾರೆ. ತಾವೂ ಮಲಗುತ್ತೀರಿ, ತಮ್ಮ ಕಚೇರಿಯ ಬಾಗಿಲು ಬಡಿದು ನೋಡಿದ್ದೇನೆ. ಆಗ ಯಾರೂ ಸತ್ತಿದ್ದೀರೆಂದು ತಿಳಿದು ತಮ್ಮನ್ನು ಹೊತ್ತು ಹಾಕಲಿಲ್ಲವಲ್ಲ?

ಆದರೂ ತಾವು ಬಂದದ್ದು ಆಗಸ್ಟಿನ ನಡುಬಿಸಿಲಿನಲ್ಲಿ, ಹೊಸ ಟೋಪಿ ಹಾಕಿಕೊಂಡು. ಎಲೆ ಕೊಡವಿ ಮಲಗಿದ್ದ ಕಳ್ಳಿಯ ಮುಂದೆ ನಿಂತು, "ಏನಮ್ಮಾ ಇದು, ಪೂರ್ತಿ ಒಣಗಿ ಹೋಗಿದೆ. ಬೆಂಕಿ ಬಿದ್ರೆ ಯಾರು ಜವಾಬ್ದಾರಿ?" ಎಂದಿರಿ. ಬೆಂಕಿಯ ಭಯ ನಮಗಿಲ್ಲವೇ? ಒಣಹುಲ್ಲನ್ನೆಲ್ಲ ಮೇ ತಿಂಗಳಲ್ಲೇ ಕೊಯ್ದು ಕತ್ತೆಗೆ ಹಾಕಿದ್ದೇವೆಂದು ಹೇಳಿದೆ. ತಾವು ಕೇಳಿಸಿಕೊಳ್ಳದೆ, ಸತ್ತದ್ದಕ್ಕೆ ಸಾಕ್ಷಿ ತೋರಿಸಲು ಒಂದು ಕೊಂಬೆಯನ್ನು ಲಟಕ್ಕನೆ ಮುರಿದಿರಿ. ಅದರಿಂದ ಬೆಳ್ಳಗೆ ಹಾಲು ಸುರಿಯಿತು, ತಮ್ಮ ಬೆರಳಿಗೆಲ್ಲ ಅಂಟಿತು.

"ಆ ಕೈ ಕಣ್ಣಿಗೆ ತಾಗಿಸ್ಬೇಡಿ ಸ್ವಾಮಿ, ಉರಿಯತ್ತೆ" ಎಂದು ಫ್ರಾಂಗಿಸ್ಕೋಸ್ ಕೂಗಿದ. ಅಷ್ಟರಲ್ಲಿ ತಾವು ಅದೇ ಕೈಯಿಂದ ಕಣ್ಣಂಚಿನ ಬೆವರು ಒರೆಸಿಕೊಂಡಾಗಿತ್ತು. ತಮ್ಮ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಇಳಿಸಿದವನು ಅವನೇ, ಆ ಕೆಟ್ಟ ಸೊಂಟ ಇಟ್ಟುಕೊಂಡು. ಅಲ್ಲ ಮಾನ್ಯರೇ, ನನ್ನದೊಂದು ಸಣ್ಣ ಸಂಶಯ. ಸತ್ತ ಗಿಡ ಹಾಲು ಸುರಿಸುತ್ತದೆಯೇ? ಒಂದು ಕಣ್ಣು ಮುಚ್ಚಿಕೊಂಡಿದ್ದರೂ ಇನ್ನೊಂದು ಕಣ್ಣಿಗೆ ಅದು ಕಾಣಬೇಕಿತ್ತಲ್ಲವೇ?

ಕಾಣಲಿಲ್ಲ. ಆಗಸ್ಟ್ ಹದಿನೈದರ ಮಾತೆ ಮರಿಯಮ್ಮನ ಹಬ್ಬ ಮುಗಿದ ಮರುದಿನವೇ ಯಂತ್ರ ಬಂತು. ಥೈಮ್ ಬುಡಸಮೇತ ಹೋಯಿತು, ಕಳ್ಳಿ ಹೋಯಿತು, ಅಡವಿ ಈರುಳ್ಳಿಯ ಗೆಡ್ಡೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ತುಂಬಿ ತಮ್ಮ ಕಚೇರಿಯ ಹಿಂದಿನ ಕಸದ ಗುಡ್ಡೆಗೆ ಸುರಿದರು. ಫ್ರಾಂಗಿಸ್ಕೋಸ್ ಮೆಟ್ಟಿಲಿನ ಮೇಲೆ ಕೂತು ನೋಡಿದ. ಅಂದಿನಿಂದ ಅವನು ಸಂಜೆ ಅಲ್ಲಿ ಬಂದು ಕೂರುವುದನ್ನು ಬಿಟ್ಟಿದ್ದಾನೆ, ಕಡಲಿನ ಕಡೆಯ ಕಿಟಕಿಯನ್ನೂ ತೆರೆಯುವುದಿಲ್ಲ. ಕರೆದರೆ, "ಬಿಡಿ ಅತ್ತಿಗೆ, ಗುಲಾಬಿ ಹಾಕಿದ್ರೆ ಉಳಿಸ್ತಿದ್ರೇನೋ" ಎನ್ನುತ್ತಾನೆ. ಈ ಮಾತಿಗೆ ನಾನು ತಮ್ಮನ್ನು ಕ್ಷಮಿಸುವುದಿಲ್ಲ. ಗುಡ್ಡವನ್ನು ನೋಡಿ ಕಲಿತ ಒಬ್ಬ ಮುದುಕನಿಗೆ ತಾನು ಕಲಿತದ್ದೇ ತಪ್ಪು ಎನಿಸುವಂತೆ ಮಾಡಿದಿರಿ.

ಇನ್ನು ತಮ್ಮ ತೋಟಗಾರಿಕೆಯ ವಿಚಾರ. ಚೌಕದಲ್ಲಿ ತಾವು ಜೂನಿನಲ್ಲಿ ಹಾಸಿದ ಹುಲ್ಲು ದೊಡ್ಡ ಹಡಗಿನಲ್ಲಿ ಸುರುಳಿ ಸುತ್ತಿಕೊಂಡು ಬಂತು. ಅದರ ಜೊತೆಗೆ ನೀರಿನ ಟ್ಯಾಂಕರ್ ಹಡಗೂ ಬಂತು, ಏಕೆಂದರೆ ಆ ಹುಲ್ಲು ನಮ್ಮೆಲ್ಲರಿಗಿಂತ ಹೆಚ್ಚು ಕುಡಿಯುತ್ತದೆ. ನಮ್ಮ ಕೇರಿಯಲ್ಲಿ ದಿನ ಬಿಟ್ಟು ದಿನ ನಲ್ಲಿ ಒಣಗಿರುತ್ತದೆ. ಪಕ್ಕದ ಮನೆಯ ಮಾರುಸೊ ಬಕೆಟ್ಟು ಹಿಡಿದು ಚೌಕ ದಾಟುತ್ತ, ಎಲ್ಲರಿಗೂ ಕೇಳಿಸುವಂತೆ, "ಹುಲ್ಲಿಗೆ ಎರಡು ಹೊತ್ತು ಸ್ನಾನ, ನಮಗೆ ಒದ್ದೆ ಬಟ್ಟೇಲಿ ಮೈ ಒರಸ್ಕೊಳ್ಳೋ ಗತಿ. ಮುಂದಿನ ಜನ್ಮದಲ್ಲಿ ಪುರಸಭೆ ಹುಲ್ಲಾಗಿ ಹುಟ್ತೀನಿ" ಎಂದಳು. ಅಷ್ಟು ಕುಡಿದೂ ಉತ್ತರದ ಗಾಳಿಗೆ ಅದು ಕಂದು ಕಂಬಳಿಯಾಗಿ ಮಲಗಿದೆ. ನಮ್ಮ ಗಿಡಗಳ ಹಾಗಲ್ಲ, ಅದು ಏಳುವುದಿಲ್ಲ. ನಿಜವಾಗಿ ಸತ್ತದ್ದು ಹೇಗಿರುತ್ತದೆಂದು ತಿಳಿಯಲು ತಾವು ಮೆಟ್ಟಿಲು ಹತ್ತುವ ಅಗತ್ಯವೇ ಇರಲಿಲ್ಲ.

ಇಳಿಜಾರಿನಲ್ಲಿ ಇದನ್ನೇ ಹಾಸುತ್ತೀರಂತೆ. ಅಕ್ಟೋಬರಿನ ಮಳೆ ನಮ್ಮಲ್ಲಿ ಹೇಗೆ ಸುರಿಯುತ್ತದೆಂದು ತಾವಿನ್ನೂ ನೋಡಿಲ್ಲ. ಕಳ್ಳಿ, ಥೈಮುಗಳ ಬೇರು ಹಿಡಿದಿದ್ದ ಮಣ್ಣನ್ನು ಬೆರಳುದ್ದದ ಹುಲ್ಲು ಹಿಡಿಯುತ್ತದೆಯೇ? ಮೇಲಿನ ಅರ್ಧ ಈಗಲೇ ಬೆತ್ತಲೆ. ಕೆಳಗಿನದೂ ಹೋದರೆ ಅಷ್ಟೂ ಕೆಸರು ನೇರ ಇಳಿಯುವುದು ಇಳಿಜಾರಿನ ಬುಡದಲ್ಲಿರುವ ಫ್ರಾಂಗಿಸ್ಕೋಸನ ಅಂಗಳಕ್ಕೆ.

ಒಂದು ವಿಷಯ ನೆನಪಿಸಬೇಕು. ಹೊಸ ವರ್ಷದ ಹಿಂದಿನ ದಿನ ತಮ್ಮ ಗುಮಾಸ್ತೆ ಝಂಬೆತಾ ನಮ್ಮ ಮನೆಗೆ ಬಂದಿದ್ದಳು. "ಚಿಕ್ಕಮ್ಮಾ, ಹೊಸ ಸಾಹೇಬ್ರ ಕಚೇರಿ ಬಾಗ್ಲಿಗೆ ಕಟ್ಟೋಕೆ ಒಂದು ದೊಡ್ಡ ಗೆಡ್ಡೆ ಬೇಕಂತೆ. ಶುಭ ಆಗ್ಲಿ ಅಂತ" ಎಂದಳು. ಕಿತ್ತಿಟ್ಟರೂ ಚಿಗುರುತ್ತದೆಂದು ನಾವು ಅಡವಿ ಈರುಳ್ಳಿಯನ್ನು ಬಾಗಿಲಿಗೆ ಕಟ್ಟುತ್ತೇವೆ, ಪಟ್ಟಣದವರಾದ ತಾವೂ ಕಟ್ಟುತ್ತೀರಿ. ಇಳಿಜಾರಿನ ಅತಿ ದೊಡ್ಡ ಗೆಡ್ಡೆಯನ್ನು ಫ್ರಾಂಗಿಸ್ಕೋಸ್ ತಾನೇ ಅಗೆದು ಕೊಟ್ಟ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿಸಿ, ಅದರ ಕೆಳಗೆ ನಿಂತು ತಾವು ಫೋಟೊ ತೆಗೆಸಿಕೊಂಡಿರಿ. ಬಾಗಿಲ ಮೇಲಿದ್ದರೆ ಶುಭ, ಮಣ್ಣಿನಲ್ಲಿದ್ದರೆ ಕಳೆ. ಇದು ಯಾವ ಶಾಸ್ತ್ರ?

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ಯಂತ್ರ ಕಳಿಸಬೇಡಿ. ಕಚೇರಿಯ ಹಿಂದೆ ಕಸದ ಗುಡ್ಡೆಗೆ ಸುರಿದ ಗೆಡ್ಡೆಗಳನ್ನು ತಂದುಕೊಡಿ, ಮಳೆ ಬಿದ್ದ ಮೇಲೆ ನಾವೇ ಮತ್ತೆ ಹೂಳುತ್ತೇವೆ. ಅದಾದ ಮೇಲೆ ಆ ಇಳಿಜಾರಿನಲ್ಲಿ ತಾವು ಏನೂ ಮಾಡಬೇಡಿ. ತಮ್ಮ ಇಲಾಖೆಗೆ ಚೆನ್ನಾಗಿ ಅಭ್ಯಾಸವಿರುವ ಕೆಲಸವನ್ನೇ ಕೇಳುತ್ತಿದ್ದೇನೆ.

ನಿನ್ನೆ ಝಂಬೆತಾ ಮತ್ತೆ ಬಂದಿದ್ದಳು, ನಗು ತಡೆಯಲಾರದೆ. ಜನವರಿಯಿಂದ ಮಣ್ಣಿಲ್ಲದೆ, ತೊಟ್ಟು ನೀರಿಲ್ಲದೆ ತೂಗುತ್ತಿರುವ ಆ ಗೆಡ್ಡೆ ತಮ್ಮ ಬಾಗಿಲಿನಲ್ಲಿ ಹೂ ಬಿಟ್ಟಿದೆಯಂತೆ. ಉದ್ದನೆಯ ಬಿಳಿ ಗೊಂಚಲು ಬೆಳಕಿನ ಕಡೆಗೆ ಬಾಗಿ ಬಾಗಿಲಿಗೆ ಅಡ್ಡ ಬಂದಿದೆಯಂತೆ. ಶುಭದ ಗೆಡ್ಡೆ ಕತ್ತರಿಸಬಾರದೆಂದು ಕಚೇರಿಯಲ್ಲಿ ಯಾರೂ ಅದನ್ನು ಮುಟ್ಟುತ್ತಿಲ್ಲವಂತೆ. ಇದನ್ನು ಹೇಳಿದಾಗ ಫ್ರಾಂಗಿಸ್ಕೋಸ್ ಎದ್ದು ಹೋಗಿ ಕಿಟಕಿ ತೆರೆದ. ತಾವು ಮಾತ್ರ ಬೆಳಿಗ್ಗೆ ಸಂಜೆ ಅದರ ಮುಂದೆ ತಲೆ ತಗ್ಗಿಸಿಯೇ ಒಳಗೆ ಹೋಗಿ ಹೊರಗೆ ಬರುತ್ತಿದ್ದೀರಂತೆ.

ಇಂತಿ,
ತಾವು ಉಳಿಸಿದ ಅರ್ಧ ತೋಟದ ಪೂರ್ತಿ ಕಾವಲುಗಾರ್ತಿ,
ಮೇಲಿನ ಕೇರಿಯ ಅರ್ಗಿರೊ