ಮುನ್ನೂರ ಅರವತ್ತೈದು ಖಾನೆ

ಮಂಗಳವಾರ, ಊಟದ ಬಿಡುವು
ಆಸ್ಪತ್ರೆಯ ಲಾಂಡ್ರಿ, ಇಸ್ತ್ರಿ ಕೋಣೆ

ನನ್ನ ಮಗಳ ಅಪ್ಪನವರಿಗೆ,

ಕರ್ತನ ಹೆಸರಿನಲ್ಲಿ ವಂದನೆ. ನನ್ನ ಹೆಸರಿನಲ್ಲಿ ವಂದನೆ ಹೇಳುವಷ್ಟು ಮನಸ್ಸು ಇನ್ನೂ ತಣ್ಣಗಾಗಿಲ್ಲ.

ನೀವು ಕೊಟ್ಟ ಮಾತುಗಳನ್ನು ಮೊದಲು ಬರೆದುಬಿಡುತ್ತೇನೆ. ಮದುವೆಯಾದ ಹೊಸತರಲ್ಲಿ, ದಿನಾ ಸಂಜೆ ಇಬ್ಬರೂ ಕೂತು ಸತ್ಯವೇದದ ಒಂದು ಪುಟ ಓದೋಣ ಎಂದಿರಿ. ಹನ್ನೊಂದು ಸಂಜೆ ಓದಿದೆವು. ಆಮೇಲೆ ನೀವು ಸಭೆಯ ಹಿರಿಯರಾದಿರಿ, ಓದು ಹೋಗಿ ಓದಿನ ಪಟ್ಟಿ ಬಂತು. ಮಗಳು ಏನು ಕೇಳಿದರೂ ಉತ್ತರ ಕೊಡುತ್ತೇನೆ ಎಂದಿರಿ. ಸತ್ಯವೇದದಲ್ಲಿ ಹಿಂದಿರುಗಿ ನೋಡಿದ್ದಕ್ಕೆ ಉಪ್ಪಿನ ಕಂಬವಾದ ಹೆಂಗಸಿಗೆ ಹೆಸರೇಕಿಲ್ಲ ಎಂದು ಒಂಬತ್ತರ ವಯಸ್ಸಿನಲ್ಲಿ ಅವಳು ಕೇಳಿದಾಗ, "ಪಟ್ಟಿಯಲ್ಲಿ ಪ್ರಶ್ನೆಗೆ ಖಾನೆ ಇಲ್ಲ, ಮುಂದಕ್ಕೆ ಓದು" ಎಂದಿರಿ. ಮನೆಯ ಮಾತು ಮನೆಯಲ್ಲೇ ಇರುತ್ತದೆ ಎಂದಿರಿ. ನೂರಿಪ್ಪತ್ತು ಜನರ ಎದುರು ಹದಿನಾರರ ಹುಡುಗಿಯನ್ನು ನಿಲ್ಲಿಸಿದಿರಿ. ನಾನೂ ಮಗಳೂ ಮನೆ ಬಿಟ್ಟು ಬಂದ ದಿನ, ಇನ್ನು ಅವಳ ತಂಟೆಗೆ ಬರುವುದಿಲ್ಲ ಎಂದಿರಿ. ನಿನ್ನೆ ಸಭೆಯ ಕಾಗದ ಬಂತು. ಕೆಳಗೆ ನಿಮ್ಮದೇ ಸಹಿ.

ಬರುವ ಭಾನುವಾರ ಅವಳು ಆರಾಧನೆಯ ನಡುವೆ ಎದ್ದು ನಿಲ್ಲಬೇಕಂತೆ. "ಓದದೆಯೇ ಪಟ್ಟಿಗೆ ಗುರುತು ಹಾಕಿ ಸಭೆಗೆ ಮೋಸ ಮಾಡಿದೆ" ಎಂದು ಬಾಯಿಬಿಟ್ಟು ಹೇಳಬೇಕಂತೆ. ಇಲ್ಲವಾದರೆ ಈ ಸಲದ ದೀಕ್ಷಾಸ್ನಾನದಿಂದ ಅವಳ ಹೆಸರು ತೆಗೆಯಲಾಗುವುದಂತೆ. ಕಾಗದದಲ್ಲಿ ಮಗಳನ್ನು "ಸದರಿ ಯುವತಿ" ಎಂದು ಬರೆದಿದ್ದೀರಿ. ಸದರಿ! ತೊಟ್ಟಿಲು ತೂಗುತ್ತಾ ಗುಬ್ಬಿ ಎಂದು ಕರೆದವರು ನೀವೇ ತಾನೆ?

ಪೆನ್ನು ಸಿಗಲಿಲ್ಲ. ಹಾಸಿಗೆ ಬಟ್ಟೆಗಳ ಅಂಚಿಗೆ ವಾರ್ಡಿನ ಗುರುತು ಹಾಕುತ್ತೇವಲ್ಲ, ಆ ನೀಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಎಷ್ಟು ಕುದಿಸಿದರೂ ಹೋಗದ ಬಣ್ಣ. ಒಂದು ಸಲ ಚೆನ್ನಾಗಿ ನೋಡಿಕೊಳ್ಳಿ.

ಇನ್ನು ಗುಬ್ಬಿಯನ್ನು ಎಲ್ಲರೆದುರು ನಿಲ್ಲಿಸಿದ ಆ ಭಾನುವಾರದ ಮಾತಿಗೆ ಬರುತ್ತೇನೆ. ನೀವು ಬಸ್ ಡಿಪೋದ ಟೈಂ ಕೀಪರ್. ಡ್ರೈವರ್ ತನ್ನ ಚೀಟಿಯಲ್ಲಿ ಮೂರು ನಿಮಿಷ ತಿದ್ದಿದ್ದರೆ ದೂರದಿಂದಲೇ ಹಿಡಿಯುವ ಕಣ್ಣು ನಿಮ್ಮದು. ಸಭೆಯನ್ನೂ ಡಿಪೋ ಮಾಡಿದಿರಿ. ಮನೆಯ ಮಕ್ಕಳಿಗೆಲ್ಲ ತಲೆಗೊಂದು ಪಟ್ಟಿ, ಪಟ್ಟಿಗೆ ಮುನ್ನೂರ ಅರವತ್ತೈದು ಖಾನೆ, ಒಂದು ಖಾನೆಗೆ ಮೂರು ಅಧ್ಯಾಯ, ವರ್ಷದ ಕೊನೆಗೆ ಪ್ರಶಸ್ತಿ ಪತ್ರ. ಗುಬ್ಬಿಗೆ ಹೋದ ವರ್ಷ ಪ್ರಶಸ್ತಿ ಬಂದಾಗ ಅದನ್ನು ಎತ್ತಿ ಹಿಡಿದು ಎಲ್ಲ ಬೆಂಚುಗಳಿಗೂ ತೋರಿಸಿದಿರಿ. ಈ ವರ್ಷ ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿದಿರಿ: ಸತ್ಯವೇದದ ಅರಣ್ಯಕಾಂಡದಲ್ಲಿ ಮೋಶೆಯ ಮುಂದೆ, ಗುಡಾರದ ಬಾಗಿಲಲ್ಲಿ ಬಂದು ನಿಂತ ಐವರು ಯಾರು?

ಅವಳಿಗೆ ಗೊತ್ತಿರಲಿಲ್ಲ. ಆ ಖಾನೆಯಲ್ಲಿ ಗುರುತಿತ್ತು. ಹಿಂದೆ ಮುಂದೆ ಇನ್ನೂ ನಾಲ್ಕು ಕೇಳಿದಿರಿ. ಯಾವುದೂ ಗೊತ್ತಿಲ್ಲ, ಎಲ್ಲದಕ್ಕೂ ಗುರುತು. "ಸುಳ್ಳಿ" ಎಂದಿರಿ. ಮೈಕಿನಲ್ಲಿ ಅಂದಿರಿ. ಅವಳು ಅಳಲಿಲ್ಲ, ವಾದಿಸಲಿಲ್ಲ, ಮೂರನೇ ಬೆಂಚಿನಲ್ಲಿ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಈ ಪತ್ರ ಮುಗಿಯುವುದರೊಳಗೆ ಹೇಳಬೇಕು. ಧೈರ್ಯ ಕೂಡಿಸಿಕೊಳ್ಳುತ್ತಿದ್ದೇನೆ.

ಆ ಸಂಜೆಯೇ ಟ್ರಂಕು ತೆಗೆದುಕೊಂಡು ಇಬ್ಬರೂ ಈ ಆಸ್ಪತ್ರೆಯ ಹಿಂದಿನ ಬೀದಿಯ ಒಂಟಿ ಕೋಣೆಗೆ ಬಂದೆವು. ಎರಡು ವಾರ ಗುಬ್ಬಿ ಸತ್ಯವೇದವನ್ನು ಮುಟ್ಟಲಿಲ್ಲ. ಕಪಾಟಿನ ಮೇಲೆ, ಬೆನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಳು. ಒಂದು ಸಂಜೆ ನಾನೇ ಕೇಳಿದೆ, ಹೋಗಲಿ, ಆ ಐವರು ಯಾರು ಅಂತಾದ್ರೂ ನೋಡೋಣವಾ ಎಂದು. "ನಿಂಗೂ ಗೊತ್ತಿಲ್ವಾ ಅಮ್ಮಾ?" ಎಂದಳು. ಗೊತ್ತಿಲ್ಲ ಮಗಳೇ ಎಂದೆ. ಹದಿನೆಂಟು ವರ್ಷ ಹಿರಿಯರ ಹೆಂಡತಿಯಾಗಿ ಬೆಂಚು ಸವೆಸಿದವಳು ನಾನು!

ಯಾವ ಅಧ್ಯಾಯ ಎಂದು ಗೊತ್ತಿಲ್ಲದ್ದರಿಂದ ಹುಡುಕುತ್ತಾ ಹೋದೆವು. ದಾರಿಯಲ್ಲಿ ಸಿಕ್ಕಿದ್ದು ಬಿಳಾಮನ ಕತ್ತೆ. ದಾರಿಗೆ ಅಡ್ಡ ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಮೇಲೆ ಕೂತವನಿಗೆ ಕಾಣುವುದಿಲ್ಲ. ಮೂರು ಸಲ ಹೊಡೆಸಿಕೊಂಡ ಮೇಲೆ ಕತ್ತೆ ಬಾಯಿಬಿಟ್ಟು, ಇಷ್ಟು ವರ್ಷ ನಿನ್ನನ್ನು ಹೊತ್ತಿದ್ದೇನಲ್ಲ, ಎಂದಾದರೂ ಹೀಗೆ ಮಾಡಿದ್ದೆನಾ ಎಂದು ಕೇಳುತ್ತದೆ. ಗುಬ್ಬಿ ಬಿಳಾಮನಾದಳು, ನಾನು ಕತ್ತೆಯಾದೆ. ಇಬ್ಬರೂ ನಕ್ಕ ನಗುವಿಗೆ ಪಕ್ಕದ ಕೋಣೆಯವರು ಗೋಡೆ ತಟ್ಟಿದರು. ಸತ್ಯವೇದ ಓದುತ್ತಾ ನಗಬಹುದು ಎಂದು ನಮಗೆ ಯಾರು ಹೇಳಿದ್ದರು? ನೀವೇ ಹೇಳಿ.

ಮರುದಿನ ಊಟದ ಬಿಡುವಿನಲ್ಲಿ ಇಲ್ಲಿ ಲಾಂಡ್ರಿಯ ಜೊತೆಗಾರರಿಗೆ ಹೇಳಿದೆ. ನಾವೆಲ್ಲ ದೊಡ್ಡಕ್ಕ ಎನ್ನುವ ಇಲ್ಲಿಯ ಹಿರಿಯ ಕೆಲಸಗಾರ್ತಿಗೆ ಓದು ಬರೆಹ ಬಾರದು, ನಮ್ಮ ಸಭೆಯವಳೂ ಅಲ್ಲ. ಮೂವತ್ತು ವರ್ಷ ಹಬೆಯ ಮುಂದೆ ನಿಂತು ಕೈಮೇಲೆ ಕೂದಲಿಲ್ಲದವಳು. ಅವಳು ತುತ್ತು ಕೈಯಲ್ಲೇ ಹಿಡಿದು, "ಅಯ್ಯೋ, ಅದು ಕತ್ತೆ ಕಥೆ ಅಲ್ವೇ ತಾಯಿ, ನಮ್ಮ ಲಾಂಡ್ರಿ ಕಥೆ. ಆಮೇಲೆ ಸಾಹೇಬ ಕತ್ತೆ ಹತ್ರ ಕ್ಷಮೆ ಕೇಳಿದ್ನಾ?" ಎಂದಳು. ಸಂಜೆ ಗುಬ್ಬಿಗೆ ಹೇಳಿದರೆ ಓಡಿಹೋಗಿ ಪುಟ ತೆರೆದಳು. ಬಿಳಾಮ ದೇವದೂತನ ಹತ್ತಿರ ತಪ್ಪಾಯಿತು ಎನ್ನುತ್ತಾನೆ. ಕತ್ತೆಗೆ ಏನೂ ಹೇಳುವುದಿಲ್ಲ. ಗುಬ್ಬಿ ಅದನ್ನು ಒಂದು ಚೀಟಿಯಲ್ಲಿ ಬರೆದು, ಹರಿದ ದಿಂಬಿನ ಚೀಲವೊಂದನ್ನು ಮೊಳೆಯಿಂದ ಗೋಡೆಗೆ ಬಡಿದು, ಅದಕ್ಕೆ ಪಿನ್ನು ಚುಚ್ಚಿ ತೂಗು ಹಾಕಿದಳು: ಕತ್ತೆಯ ಹತ್ತಿರ ಯಾಕೆ ಕೇಳಲಿಲ್ಲ?

ಈಗ ಆ ಚೀಲಕ್ಕೆ ಹತ್ತೊಂಬತ್ತು ಚೀಟಿ. ಉಪ್ಪಿನ ಕಂಬದ ಹೆಂಗಸೂ ಅಲ್ಲಿದ್ದಾಳೆ, ಏಳು ವರ್ಷ ಕಾದಿದ್ದಳು. ದಿನಕ್ಕೆ ಮೂರು ಅಧ್ಯಾಯ ಇಲ್ಲ. ಕೆಲವು ದಿನ ನಾಲ್ಕು ಸಾಲು ಅಷ್ಟೇ. ಜೋರಾಗಿ ಓದುತ್ತಾಳೆ, ನಿಲ್ಲಿಸುತ್ತಾಳೆ, ಇಲ್ಲಿ ಯಾರಿಗೆ ಹೆದರಿಕೆ ಆಗಿದೆ ಅಮ್ಮಾ ಎಂದು ಕೇಳುತ್ತಾಳೆ. ಊರಿಂದ ಊರಿಗೆ ಎಷ್ಟು ದಿನದ ನಡಿಗೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಉತ್ತರ ಸಿಗದ ದಿನ ಅವಳಿಗೆ ಇನ್ನೂ ಖುಷಿ, ನಾಳೆಗೆ ಕೆಲಸ ಉಳಿಯಿತಲ್ಲ ಎಂದು. ಇದನ್ನು ಹಾಕಲು ನಿಮ್ಮ ಪಟ್ಟಿಯಲ್ಲಿ ಖಾನೆ ಇದೆಯೇ?

ಐವರೂ ಸಿಕ್ಕರು. ಚಲ್ಪಹಾದನ ಹೆಣ್ಣುಮಕ್ಕಳು. ಅಪ್ಪ ಕಾಡಿನಲ್ಲಿ ಸತ್ತ, ಗಂಡುಮಕ್ಕಳಿಲ್ಲ, ನೆಲದ ಪಾಲು ಹಂಚುವ ಪಟ್ಟಿಯಲ್ಲಿ ಅವನ ಹೆಸರೇ ಅಳಿಸಿಹೋಗುತ್ತದೆ. ಐವರೂ ನೇರ ಹೋಗಿ ಮೋಶೆ, ಯಾಜಕ, ಮುಖಂಡರು, ಇಡೀ ಸಭೆಯ ಎದುರು ನಿಂತು ಇದು ಸರಿಯಲ್ಲ ಎಂದರು. ಮೋಶೆಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ, ದೇವರನ್ನು ಕೇಳಲು ಹೋದ. ಆ ಹುಡುಗಿಯರು ಹೇಳುವುದೇ ನ್ಯಾಯ ಎಂದು ದೇವರು ತೀರ್ಪು ಕೊಟ್ಟ. ಗುಬ್ಬಿ ಆ ಐದು ಹೆಸರನ್ನೂ ಹಾಜರಿ ಕೂಗುವ ಹಾಗೆ ಕೂಗಿದಳು. ಆಮೇಲೆ ಮೆಲ್ಲಗೆ, "ಅಪ್ಪ ಈ ಪ್ರಶ್ನೇನ ನನಗೆ ಅವಮಾನ ಮಾಡೋಕೆ ಕೇಳಿದ್ರು. ಆದ್ರೆ ಎಂಥಾ ಪ್ರಶ್ನೆ ಅಲ್ವಾಮ್ಮಾ" ಎಂದಳು. ನೀವು ಕಲ್ಲು ಎಂದು ಎಸೆದದ್ದನ್ನು ಅವಳು ರೊಟ್ಟಿ ಮಾಡಿಕೊಂಡು ತಿಂದಿದ್ದಾಳೆ.

ಈಗ ಅವಳಿಗೆ ದೀಕ್ಷಾಸ್ನಾನ ಬೇಕು. ನಿಮ್ಮ ಗೌರವಕ್ಕಲ್ಲ, ತನಗೇ ಬೇಕು. ಅದಕ್ಕೇ ನಿಮ್ಮ ಕಾಗದ ಓದಿ, "ಹೇಳಿಬಿಡ್ತೀನಿ ಬಿಡಮ್ಮಾ, ಒಂದು ನಿಮಿಷದ ಮಾತು" ಎಂದಳು. ತಾನು ಮಾಡದ ಮೋಸವನ್ನು ದೇವರ ಎದುರು ಒಪ್ಪಿಕೊಂಡು ನೀರಿಗಿಳಿಯಲು ಸಿದ್ಧಳಾಗಿದ್ದಾಳೆ. ಸುಳ್ಳು ಹೇಳಬಾರದು ಎಂದು ಅವಳ ಬಾಯಿಂದ ಸುಳ್ಳು ಹೇಳಿಸುತ್ತೀರಿ. ಗುರುತು ಸುಳ್ಳು, ನಿಜ. ಯಾರ ಕೈಯದು ಎಂದು ಕೇಳಿದಿರಾ? ಡ್ರೈವರನನ್ನಾದರೂ ಕೇಳುತ್ತೀರಿ.

ಶುಕ್ರವಾರ ಸಂಜೆ ಆರೂವರೆಗೆ ನಮ್ಮ ಕೋಣೆಗೆ ಬನ್ನಿ. ಪಟ್ಟಿ ತರಬೇಡಿ. ಪುಸ್ತಕ ತನ್ನಿ, ನೆಲದ ಮೇಲೆ ಕೂರಿ. ಮೊದಲ ಹನ್ನೊಂದು ಸಂಜೆ ಓದಿದವರು ಇನ್ನೂ ನಿಮ್ಮೊಳಗಿದ್ದಾರೋ ಇಲ್ಲವೋ ನೋಡಬೇಕು. ಬರದಿದ್ದರೂ ಸರಿ. ಗುಬ್ಬಿ ಭಾನುವಾರ ಬಾಯಿ ತೆರೆಯುವುದಿಲ್ಲ. ನಾನು ಬಿಡುವುದಿಲ್ಲ.

ಹಬೆ ಯಂತ್ರದ ಗಂಟೆ ಹೊಡೆಯಿತು, ಬಿಡುವು ಮುಗಿಯಿತು. ದೊಡ್ಡಕ್ಕ ಕೂಗುತ್ತಿದ್ದಾಳೆ.

ಇಂತಿ,
ಗುಬ್ಬಿಯ ಅಮ್ಮ

ತಾಜಾ ಕಲಂ: ಈ ಪತ್ರವನ್ನು ಸಭೆಯ ಕಪಾಟಿನಲ್ಲಿರುವ ಆ ಪಟ್ಟಿಯ ಪಕ್ಕ ಇಟ್ಟು ಬೆಳಕಿಗೆ ಹಿಡಿಯಿರಿ. ಗುಬ್ಬಿ ಬರೆಯುತ್ತಿದ್ದುದು ಕಪ್ಪು ಪೆನ್ಸಿಲಿನಲ್ಲಿ. ಹೋದ ವರ್ಷ ಅವಳಿಗೆ ಕಾಮಾಲೆಯಾಗಿ ಮೂರು ವಾರ ಮಲಗಿದಳಲ್ಲ, ಅಲ್ಲಿಂದ ಈಚಿನ ಪ್ರತಿ ಗುರುತೂ ನೀಲಿ, ಈ ವರ್ಷದ ಪಟ್ಟಿಯಂತೂ ಪೂರ್ತಿ ನೀಲಿ. ಅವೆಲ್ಲ ನನ್ನ ಕೈಯವು. ಖಾಲಿ ಖಾನೆ ಕಂಡು ನೀವು ನಾಲ್ಕು ದಿನ ಮಾತು ಬಿಟ್ಟಿರಿ. ಆ ಮೌನಕ್ಕೆ ಹೆದರಿ ಒಂದು ಹಾಕಿದೆ, ಆಮೇಲೆ ದಿನಾ ಕೆಲಸಕ್ಕೆ ಹೊರಡುವ ಮುಂಚೆ ಹಾಕಿದೆ. "ಅಮ್ಮಾ, ನೀನಾ?" ಎಂದು ಅವಳು ಒಮ್ಮೆ ಕೇಳಿದ್ದಳು. ಸುಮ್ಮನಿರು ಎಂದೆ. ಸುಮ್ಮನಾದಳು, ಓದುವುದನ್ನೂ ಬಿಟ್ಟಳು. ಅವಳ ಓದು ಕೊಂದವರು ನೀವೊಬ್ಬರೇ ಅಲ್ಲ. ಆ ಪ್ರಶಸ್ತಿ ನನ್ನ ನೀಲಿ ಪೆನ್ಸಿಲಿನದು. ಸಭೆಯಲ್ಲಿ ಅವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದ್ದು ನನ್ನನ್ನು ಕಾಯಲಿಕ್ಕೆ, ನಾನು ಬಾಯಿ ಮುಚ್ಚಿಕೊಂಡದ್ದೂ ನನ್ನನ್ನು ಕಾಯಲಿಕ್ಕೇ. ಇದನ್ನು ಮೈಕಿನಲ್ಲಿ ಹೇಳುತ್ತೇನೆ, ಪಟ್ಟಿಯನ್ನು ಯಾವ ಹೆದರಿಕೆ ತುಂಬಿಸಿತು ಎಂಬುದನ್ನೂ ಸೇರಿಸಿ. ಮೈಕು ಕೊಡದಿದ್ದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಭಾನುವಾರ, ಬೆಳಗ್ಗೆ ಒಂಬತ್ತೂವರೆಗೆ.