ನೀರು ಕುಡಿದ ಗಿಟಾರ್

ಬಿಂದು,

ಇವತ್ತು ಮಹಡಿ ಮೇಲೆ ಕೂತು ಗಿಟಾರ್‌ನ ಹಳೇ ವಾರ್ನಿಷನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ಸಿಟ್ಟಲ್ಲಿ ಉಜ್ಜಿದ್ದಕ್ಕೆ ಒಂದು ಕಡೆ ಒಳಗಿನ ಪ್ಲೈವುಡ್ಡೇ ಕಾಣ್ತಿದೆ. ಸೆಕೆಂಡ್ ಹ್ಯಾಂಡ್ ಮಾಲು, ಅದಕ್ಕೆಷ್ಟು ತಾಳ್ಮೆ ಇದ್ದೀತು.

"ಕೊಡೇ ಧರಣಿ, ನಾನೂ ಕಲೀತೀನಿ" ಅಂದವಳು ನೀನೇ. ಹೋದ ತಿಂಗಳು ನಮ್ಮ ಹಿನಕಲ್‌ನಿಂದ ನಿಮ್ಮ ಮನೆಗೆ ಬಸ್ಸಲ್ಲಿ ಹೊತ್ಕೊಂಡು ಬಂದೆ. ನಿಮ್ಮಜ್ಜಿ ಗೇಟಲ್ಲೇ ನಮ್ಮ ಬೀದಿ ಕೇಳಿದರು, ಅಪ್ಪನ ಹೆಸರು ಕೇಳಿದರು. ಆಮೇಲೆ ಗಿಟಾರನ್ನ ಜಗಲಿ ಮೇಲೆ ಇಡಿಸಿ, ಒಳಗೆ ತಗೊಳ್ಳೋ ಮುಂಚೆ ಒಂದು ಬಿಂದಿಗೆ ನೀರು ಸುರಿದರು. "ಬೇಡ ಅಜ್ಜಿ" ಅನ್ನೋಕೆ ಎಷ್ಟು ಉಸಿರು ಬೇಕಿತ್ತೇ ನಿನಗೆ? ನೀನು ಪಕ್ಕದ ಮನೆ ಗಿಡ ನೋಡ್ತಾ ನಿಂತೆ. ನೀರು ಸೋರುತ್ತಿದ್ದ ಗಿಟಾರ್ ಎತ್ಕೊಂಡು ನಾನು ವಾಪಸ್ ಬಂದ್ಬುಟ್ಟೆ.

ಈ ಕಾಗದ ನಿಮ್ಮ ಮನೆಗೆ ಕಳಿಸಲ್ಲ. ಇದರ ಮೇಲೂ ನೀರು ಬಿದ್ದೀತು.

ನೀರಿಗೆ ಜೋಡಣೆ ಬಿಟ್ಟುಹೋದ ಕಡೆ ಅಂಟು ಹಾಕಿ ಬಿಗಿದೆ. ಮುಂದಿನ ಹಲಗೆ ಉಬ್ಬಿದ್ದು ಮಾತ್ರ ಪೂರ್ತಿ ಇಳಿದಿಲ್ಲ. ಹೊಸ ವಾರ್ನಿಷ್ ಬಳಿಯೋಕೆ ಹೊರಟ ಹೊತ್ತಿಗೆ ಅಪ್ಪ ಟೀ ತಂದುಕೊಟ್ಟು, ಆ ಉಬ್ಬಿನ ಮೇಲೆ ಕೈಯಾಡಿಸಿದರು.

"ಏನವ್ವ ಇದು, ಚೆನ್ನಾಗಿತ್ತಲ್ಲ?"

"ಮಳೇಲಿ ನೆಂದೋಯ್ತು ಕಣಪ್ಪ."

"ಅವತ್ತು ಬಿಂದು ಮನೆಗೆ ತಗೊಂಡೋಗಿದ್ಯಲ್ಲ, ಅಲ್ಲೇ ಬುಟ್ಟು ಬರಬಾರ್ದಿತ್ತಾ? ಒಳ್ಳೇ ಹುಡುಗಿ. ಜೋಪಾನವಾಗಿ ಇಟ್ಕೊತಿದ್ಲು."

ನಾನು ಹೂಂ ಅಂದೆ. ಇಷ್ಟು ಸಿಟ್ಟಿದ್ದರೂ ಅಪ್ಪನ ಮುಂದೆ ನಿನ್ನನ್ನ ಬಿಟ್ಟುಕೊಡೋಕೆ ನನ್ನ ಕೈಲಾಗಲಿಲ್ಲ ಕಣೇ. ನಿನಗೆ ಹೇಗೆ ಅಷ್ಟು ಸುಲಭವಾಯ್ತು?