ಟಿಕೆಟ್ ಇಲ್ಲದ ಐದನೆಯವನು

ಮಾರ್ಚ್ 3, ಬೆಳಿಗ್ಗೆ

ಡ್ಯೂಟಿಗೆ ಇನ್ನೂ ಎರಡು ಗಂಟೆ ಇದೆ. ಮಹಡಿ ಕೋಣೆಗೆ ವೈಫೈ ಹಾಕಿದ್ದು ಮುಗಿಯಿತು. ಕೆಳಗಿನ ರೂಟರಿನಿಂದ ಮೆಟ್ಟಿಲ ಪಕ್ಕದಲ್ಲೇ ಕೇಬಲ್, ಮೇಲೆ ಕಪಾಟಿನ ನೆತ್ತಿಗೆ ಸಿಗ್ನಲ್ ಹರಡುವ ಹೊಸ ಪೆಟ್ಟಿಗೆ, ಆಕ್ಸೆಸ್ ಪಾಯಿಂಟ್. ಹೆಂಡತಿ ಕೆಲಸಕ್ಕೆ ಕೂರುವುದು ಅಲ್ಲೇ. ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ ಎಂದು ತಿಂಗಳಿಂದ ತಲೆ ತಿನ್ನುತ್ತಿದ್ದಳು. ಜೊತೆಗೆ ಬಂದ ಪುಸ್ತಕದಲ್ಲಿ 'ಮೋಡ್ ಬದಲಿಸಿ' ಎಂದು ಒಂದು ಪುಟ. ಬಿಟ್ಟೆ. ದೀಪ ಹಸಿರಾಯಿತಲ್ಲ, ಸಾಕು.

ಮಾರ್ಚ್ 4

ಫೋನಿನಲ್ಲಿ ರೂಟರಿನ ಪಟ್ಟಿ ತೆರೆದೆ. ಯಾರು ಯಾರು ಹತ್ತಿದ್ದಾರೆ... ಇಪ್ಪತ್ತೆರಡು ವರ್ಷದಿಂದ ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡುವವನಿಗೆ ಇದೊಂದು ಚಟ. ನನ್ನ ಫೋನು. ಟೀವಿ. ಅವಳ ಫೋನು, ಲ್ಯಾಪ್‌ಟಾಪು (ಆಗ ಕೆಳಗೆ ಊಟದ ಮೇಜಿನಲ್ಲಿ ಕೂತಿದ್ದಳು). ಐದನೆಯದಕ್ಕೆ ಹೆಸರೇ ಇಲ್ಲ. ಬರೀ ಅಂಕಿ ಅಕ್ಷರ, ಕೊನೆಗೆ 7E. ಪಕ್ಕದ ಮನೆ ದರ್ಜಿಯ ಮೇಲೆ ಅನುಮಾನ. ಎರಡು ದಿನದಿಂದ ಕಂಡಾಗೆಲ್ಲ ಹಲ್ಲು ಕಿರಿಯುತ್ತಾನೆ.

ಮಾರ್ಚ್ 5

ಪಾಸ್‌ವರ್ಡ್ ಬದಲಿಸಿದೆ. ಯಾರಿಗೂ ಹೇಳಿಲ್ಲ. ನಮ್ಮ ನಾಲ್ಕಕ್ಕೂ ನಾನೇ ಹಾಕಿಕೊಟ್ಟೆ. ಮರೆಯಬಾರದೆಂದು ಈ ಡೈರಿಯ ಹಿಂದಿನ ರಟ್ಟಿನ ಒಳಗೆ ಬರೆದಿಟ್ಟೆ, ಅಷ್ಟೇ.

ಸಂಜೆ — ಐದನೆಯವನು ಹಾಯಾಗಿ ಕೂತಿದ್ದಾನೆ! ಹಾಗಾದರೆ ಯಾರೋ ಡೈರಿ ತೆಗೆದು ನೋಡುತ್ತಿದ್ದಾರೆ. ದರ್ಜಿ ಪಾರಾದ. ಮನೆಯಲ್ಲಿರುವುದು ಇಬ್ಬರೇ.

ಕೇಳಿಯೇಬಿಟ್ಟೆ. "ನನ್ನ ಡೈರಿ ಮುಟ್ಟಿದ್ಯಾ?"

"ಅಯ್ಯೋ, ನಿಮ್ಮ ಅಕ್ಷರ ನಿಮಗೇ ಅರ್ಥ ಆಗಲ್ಲ. ನಾನ್ಯಾಕ್ರೀ ಮುಟ್ಲಿ?"

ನಕ್ಕಳು. ನಗು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯಾಯಿತು.

ಮಾರ್ಚ್ 9

ವಾರದ ರಜೆ. ಹತ್ತಕ್ಕೆ ಮೇಲೆ ಹೋದಳು, ಬಾಗಿಲು ಹಾಕಿಕೊಂಡಳು. ಪಟ್ಟಿ ನೋಡಿದೆ. ಅವಳ ಲ್ಯಾಪ್‌ಟಾಪ್ ಇಲ್ಲ. ಫೋನೂ ಇಲ್ಲ. ಐದನೆಯವನೊಬ್ಬನೇ ಗಬಗಬ ನೆಟ್ ತಿನ್ನುತ್ತಿದ್ದಾನೆ. ಬಾಗಿಲಿಗೆ ಕಿವಿಗೊಟ್ಟೆ. ಪಿಸುಮಾತು. ಇಳಿದು ಬಂದಾಗ ಏನು ಕೆಲಸ ಎಂದೆ. "ಇದ್ದದ್ದೇ ಬಿಡಿ" ಎಂದಳು.

ಇನ್ನೊಂದು ಫೋನ್ ಇಟ್ಟುಕೊಂಡಿದ್ದಾಳೆ. ಬೇರೆ ಏನಿರಲು ಸಾಧ್ಯ? ಊಟ ಸೇರಲಿಲ್ಲ. ಹದಿನೆಂಟು ವರ್ಷ ಜೊತೆಗಿದ್ದವಳ ಮೇಲೆ... ಬರೆಯಲೂ ನಾಚಿಕೆ. ಆದರೂ ಬರೆದೆ.

ಮಾರ್ಚ್ 16, 11:20

ಮತ್ತೆ ಅದೇ. ಹಾಕಿದ ಬಾಗಿಲು, ಮೆತ್ತಗಿನ ಮಾತು, 7E. ಅವನನ್ನು ಬಸ್ಸಿನಿಂದ ಇಳಿಸಿಬಿಟ್ಟೆ. 'ಬ್ಲಾಕ್' ಒತ್ತಿದ್ದಷ್ಟೇ.

ಮೇಲಿಂದ ಕಿರುಚಿದಳು. "ರೀ, ನೆಟ್ ಹೋಯ್ತು!"

ಸಿಕ್ಕಿಬಿದ್ದಳು.

11:50

ಕೆಲಸದ ಸಂದರ್ಶನ ನಡೆಯುತ್ತಿತ್ತಂತೆ. ದೊಡ್ಡ ಹುದ್ದೆ. ಮೂರನೆಯ ಸುತ್ತು, ಕೊನೆಯದು. ಎರಡು ವಾರದಿಂದ ಬಾಗಿಲು ಹಾಕಿಕೊಂಡು ಅದಕ್ಕೇ ತಯಾರಿ. "ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಮೊದಲೇ ಹೇಳಿದ್ರೆ ನೀವು ನಲವತ್ತು ಪ್ರಶ್ನೆ ಕೇಳ್ತೀರಿ." ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಕರೆಂಟ್ ಹೋಗಿ ಬಂದಿರಬೇಕು" ಎಂದೆ. ಬಾಯಿಗೆ ಬಂದದ್ದು ಅದೇ.

ಮೇಲೆ ಹೋಗಿ ಕಪಾಟಿನ ಮೇಲಿನ ಪೆಟ್ಟಿಗೆ ತಿರುಗಿಸಿದೆ. ಅಡಿಯಲ್ಲಿ ಅಂಟಿಸಿದ ಚೀಟಿ. ಕೊನೆಯಲ್ಲಿ 7E.

ನಾನೇ ತಂದು ನಾನೇ ಕೂರಿಸಿದವನು. ಕೇಬಲ್ಲಿನಲ್ಲಿ ಬಂದವನಿಗೆ ಪಾಸ್‌ವರ್ಡ್ ಯಾಕೆ ಬೇಕು? ಬಿಟ್ಟಿದ್ದ ಆ ಪುಟವನ್ನು ಈಗ ಓದಿದೆ. ಮೋಡ್ ಬದಲಿಸದಿದ್ದರೆ ಮೇಲಿನ ಫೋನು, ಲ್ಯಾಪ್‌ಟಾಪು ಎಲ್ಲ ಈ ಪೆಟ್ಟಿಗೆಯ ಹಿಂದೆ ಮರೆಯಾಗುತ್ತವಂತೆ. ಕೆಳಗಿನ ಪಟ್ಟಿಗೆ ಕಾಣುವುದು ಇದೊಂದೇ. ಕತ್ತೆ ನಾನು.

ಸಂಜೆ 6

ಬ್ಲಾಕ್ ತೆಗೆದೆ, ಮೋಡ್ ಬದಲಿಸಿದೆ. ಇನ್ನೊಂದು ಅವಕಾಶ ಕೊಡಿ ಎಂದು ಅವರಿಗೆ ಮೇಲ್ ಬರೆದಳು. ಉತ್ತರ ಬಂದಿಲ್ಲ. ಆಮೇಲೆ ಬಂದು ಎದುರಿಗೆ ಕೂತಳು.

"ರೀ, ನೆಟ್ ಹೋದಾಗ ಫ್ಯಾನು ತಿರುಗ್ತಾನೇ ಇತ್ತು. ಕರೆಂಟ್ ಎಲ್ಲಿ ಹೋಗಿತ್ತು?"

ತಲೆಯೆತ್ತಿ ಫ್ಯಾನು ನೋಡಿದೆ.

"ಆವತ್ತು ಡೈರಿ ಮುಟ್ಟಿದ್ಯಾ ಅಂತ ಕೇಳಿದ್ರಲ್ಲ. ಇವತ್ತು ನೀವೇ ಕೊಡಿ, ಓದ್ತೀನಿ."

ಬರೆದು ಮುಗಿಸಿ ಕೊಡುತ್ತೇನೆ ಎಂದೆ. ಎದ್ದು ಹೋಗಲಿಲ್ಲ, ಕಾಯುತ್ತಿದ್ದಾಳೆ. ಒಂಬತ್ತನೇ ತಾರೀಖಿನ ಹಾಳೆ ಬೆರಳ ನಡುವೆ ಇದೆ. ಹರಿದರೆ ಸದ್ದಾಗುತ್ತದೆ. ಹರಿಯದಿದ್ದರೆ...

"ಆಯ್ತಾ?" ಎಂದು ಕೈ ಚಾಚಿದಳು. ಇನ್ನೊಂದೇ ಸಾಲು ಎಂದೆ. ಆ ಒಂದು ಸಾಲು —